ರಾಬರ್ಟ್‌ಸನ್‌ಪೇಟೆಯ ಗಣಿ ಕೆಫೆ: ಅಡುಗೆಗೆ ಮೆಚ್ಚುಗೆ, ಗೋಡೆಗೆ ತಕರಾರು

ಕೋಲಾರದ ಚಿನ್ನದ ಗಣಿಯ ಊರಾದ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ, ಎಂ.ಜಿ. ಮಾರುಕಟ್ಟೆಯಿಂದ ನಡೆದೇ ಹೋಗಬಹುದಾದಷ್ಟು ಹತ್ತಿರದ ಅಡ್ಡರಸ್ತೆಯೊಂದರಲ್ಲಿ, ಮೊದಲು ಕಬ್ಬಿಣದ ಸಾಮಾನಿನ ಮಳಿಗೆಯಾಗಿದ್ದ ಹೆಂಚಿನ ಕಟ್ಟಡವನ್ನು ದುರಸ್ತಿ ಮಾಡಿ ತೆರೆದಿರುವ ಕೆಫೆಯ ಬಗ್ಗೆ ಈ ಬರಹ. ಅದರ ಹೆಸರನ್ನು ಇಲ್ಲಿ ಹಾಕುತ್ತಿಲ್ಲ. ಹೊಗಳಿಕೆಯ ಜೊತೆಗೆ ಗಟ್ಟಿಯಾದ ಆಕ್ಷೇಪವೂ ಇರುವುದರಿಂದ, ಆ ಆಕ್ಷೇಪ ಒಂದೇ ಅಂಗಡಿಯ ತಲೆಗೆ ಕಟ್ಟುವಂಥದ್ದು ಆಗಬಾರದೆಂಬುದು ನನ್ನ ಉದ್ದೇಶ. ಗಣಿಯ ನೆನಪನ್ನು ಬಂಡವಾಳವಾಗಿಟ್ಟುಕೊಂಡು ಈ ಊರಿನಲ್ಲಿ ಏನನ್ನಾದರೂ ತೆರೆಯಬೇಕೆಂದು ಯೋಚಿಸುತ್ತಿರುವ ಎಲ್ಲರಿಗೂ ಇದು ಅನ್ವಯಿಸುತ್ತದೆ. ನಾನು ಕೋಲಾರದಲ್ಲಿ ವಾಸವಾಗಿದ್ದರೂ ನಮ್ಮ ತಂದೆಯ ಅಣ್ಣ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರಾದ ಕಾರಣ ಚಿಕ್ಕಂದಿನಿಂದಲೂ ಈ ಪೇಟೆಗೆ ಬರುತ್ತಿದ್ದೇನೆ. ಈ ಕೆಫೆಗೂ ಅವರನ್ನು ಕರೆದುಕೊಂಡು ಹೋಗಿದ್ದೇನೆ.

ಮೊದಲು ಊಟದ ವಿಚಾರ. ಅಡುಗೆಮನೆ ನಿಜಕ್ಕೂ ಒಳ್ಳೆಯದು. ಬ್ರಿಟಿಷರ ಕಾಲದಿಂದ ಇಲ್ಲಿ ನೆಲೆಸಿದ್ದ ಆಂಗ್ಲೋ ಇಂಡಿಯನ್ ಕುಟುಂಬಗಳ ಮನೆಯಡುಗೆಯನ್ನು ಇವರು ಶ್ರದ್ಧೆಯಿಂದ ಉಳಿಸಿಕೊಂಡಿದ್ದಾರೆ. ಅರಿಸಿನ ಹಾಕಿ ತೆಂಗಿನ ಹಾಲಿನಲ್ಲಿ ಬೇಯಿಸಿದ ಹಳದಿ ಅನ್ನ, ಕೈಮದ ಉಂಡೆಗಳ ಬಾಲ್ ಕರಿ, ಜೊತೆಗೆ ಈರುಳ್ಳಿ ಮತ್ತು ಒಣಮೆಣಸಿನಕಾಯಿ ಅರೆದ ಕೆಂಪು ಡೆವಿಲ್ ಚಟ್ನಿ, ಇಷ್ಟನ್ನು ಒಂದೇ ತಟ್ಟೆಯಲ್ಲಿ 240 ರೂಪಾಯಿಗೆ ಕೊಡುತ್ತಾರೆ. ಉಂಡೆ ಒಡೆಯದೆ ಮೆತ್ತಗಿರುತ್ತದೆ; ಮಸಾಲೆ ಹಸಿಯಾಗಿ ಉಳಿದಿರುವುದಿಲ್ಲ; ಅನ್ನದಲ್ಲಿ ತೆಂಗಿನ ಹಾಲು ಅತಿಯಾಗಿ ಬಾಯಿಗೆ ಕಟ್ಟಿಕೊಳ್ಳುವುದಿಲ್ಲ. ಪೆಪ್ಪರ್ ವಾಟರ್ ಎಂದು ಕೊಡುವ ತೆಳು ಸಾರು ನಮ್ಮ ಮೆಣಸಿನ ಸಾರಿನ ಹತ್ತಿರದ ನಂಟ. ಮಳೆಗಾಲದಲ್ಲಿ ಅದನ್ನು ಲೋಟದಲ್ಲಿ ಕೇಳಿ ಕುಡಿಯಬಹುದು. ಫಿಲ್ಟರ್ ಕಾಫಿ ಗಟ್ಟಿಯಾಗಿದೆ, ಆದರೆ 90 ರೂಪಾಯಿ. ಎದುರುಗಡೆಯ ಟೀ ಅಂಗಡಿಯಲ್ಲಿ 15 ರೂಪಾಯಿಗೆ ಸಿಗುವ ಕಾಫಿ ಅದಕ್ಕಿಂತ ಕಡಿಮೆಯದ್ದೇನೂ ಅಲ್ಲ. ಪಾಸ್ತಾ, ಬರ್ಗರ್‌ಗಳನ್ನು ತಿನ್ನಲು ಇಷ್ಟು ದೂರ ಬರಬೇಕಾಗಿಲ್ಲ. ಕೇಕ್ ಒಳ್ಳೆಯದು.

ಸೇವೆಯ ಬಗ್ಗೆ ಹೇಳಲೇಬೇಕಾದ ಒಳ್ಳೆಯ ಮಾತೊಂದಿದೆ. ಇಲ್ಲಿ ಬಡಿಸುವವರು, ಲೆಕ್ಕ ಬರೆಯುವವರು, ಅಡುಗೆಮನೆಯಲ್ಲಿ ನಿಂತಿರುವವರು ಬಹುಪಾಲು ಚಾಂಪಿಯನ್ ರೀಫ್ ಮತ್ತು ಮಾರಿಕುಪ್ಪಂ ಲೈನುಗಳ, ಅಂದರೆ ಗಣಿ ಕಾರ್ಮಿಕರ ಸಾಲುಮನೆಗಳ, ಯುವತಿಯರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಈ ಊರಿನ ಬದುಕು ರೈಲಿನ ಮೇಲೆ ನಿಂತಿದೆ. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಬೆಳಕು ಹರಿಯುವ ಮೊದಲೇ ರೈಲು ಹತ್ತಿ, ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ಹೋಗಿ, ಗಾರ್ಮೆಂಟ್ಸ್‌ನಲ್ಲೋ ಆಸ್ಪತ್ರೆಯಲ್ಲೋ ಕಟ್ಟಡದ ಕೆಲಸದಲ್ಲೋ ದುಡಿದು, ರಾತ್ರಿ ಮಕ್ಕಳು ಮಲಗಿದ ಮೇಲೆ ಮನೆ ಸೇರುವವರು ಸಾವಿರಾರು ಮಂದಿ. ಆ ರೈಲುಮಾರ್ಗವನ್ನು 1894ರಲ್ಲಿ ಹಾಕಿದ್ದು ಗಣಿಯ ಅನುಕೂಲಕ್ಕಾಗಿ. ಇಂದು ಅದು ಗಣಿ ಕಳೆದುಕೊಂಡವರ ಮಕ್ಕಳನ್ನು ಹೊತ್ತು ಸಾಗುತ್ತಿದೆ. ಊರಿನಲ್ಲೇ, ಮನೆಯಿಂದ ನಡೆದು ಬರುವಷ್ಟು ದೂರದಲ್ಲಿ, ಹತ್ತು ಹನ್ನೆರಡು ಜನರಿಗೆ ತಿಂಗಳ ಸಂಬಳದ ಕೆಲಸ ಕೊಟ್ಟಿರುವುದು ಸಣ್ಣ ಸಂಗತಿಯಲ್ಲ. ನಮಗೆ ಬಡಿಸಿದ ಹುಡುಗಿ ಮೊದಲು ವೈಟ್‌ಫೀಲ್ಡ್‌ಗೆ ಓಡಾಡುತ್ತಿದ್ದಳಂತೆ. "ಸಂಬಳ ಅಲ್ಲಿಗಿಂತ ಸ್ವಲ್ಪ ಕಮ್ಮಿ ಅಂಕಲ್, ಆದ್ರೆ ಅಮ್ಮನಿಗೆ ಹುಷಾರಿಲ್ದಾಗ ಮಧ್ಯಾಹ್ನ ಹೋಗಿ ಮಾತ್ರೆ ಕೊಟ್ಟು ಬರಬಹುದು" ಎಂದಳು. ಕೆಫೆಯ ಬಗ್ಗೆ ನಾನು ಮುಂದೆ ಹೇಳುವ ಯಾವ ಮಾತೂ ಈ ಅಂಶವನ್ನು ಅಳಿಸುವುದಿಲ್ಲ.

ಇನ್ನು ಗೋಡೆ. ಒಳಗೆ ಕಾಲಿಟ್ಟ ಕೂಡಲೇ ಎಡಗಡೆಯ ಉದ್ದನೆಯ ಗೋಡೆಯ ತುಂಬ ದೊಡ್ಡದಾಗಿ ಮುದ್ರಿಸಿದ ಹಳೆಯ ಚಿತ್ರಗಳಿವೆ, ಅವುಗಳ ಕೆಳಗೆ ವಿವರಣೆಗಳಿವೆ. ಮೈಸೂರು ಸರ್ಕಾರದಿಂದ ಗಣಿಗಾರಿಕೆಗೆ ಪರವಾನಗಿ ಪಡೆದ ಮೈಕೆಲ್ ಲವೆಲ್, 1880ರ ಹೊತ್ತಿಗೆ ಬಂದ ಜಾನ್ ಟೇಲರ್ ಕಂಪನಿ, ಬಂಗಲೆಗಳು, ಕ್ಲಬ್ಬು, ಗಾಲ್ಫ್ ಮೈದಾನ, ಟೋಪಿ ಧರಿಸಿದ ಎಂಜಿನಿಯರುಗಳ ಸಾಲು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಗಣಿಗೆ ವಿದ್ಯುತ್ ತಂದದ್ದನ್ನೂ, ಬೆಂಗಳೂರಿನ ಬೀದಿಗಳಿಗೆ ಆ ಬೆಳಕು ಬಂದದ್ದು ಮೂರು ವರ್ಷಗಳ ನಂತರ ಎಂಬುದನ್ನೂ ಸರಿಯಾಗಿ ಬರೆದಿದ್ದಾರೆ. 1965ರಲ್ಲಿ ಗಣಿಯ ಆಳದಲ್ಲಿ ನಡೆದ ಪ್ರಯೋಗದಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಅತಿಸೂಕ್ಷ್ಮ ಕಣಗಳು ಪತ್ತೆಯಾದ ವಿಷಯವನ್ನು ಹಾಕಿರುವುದನ್ನು ಕಂಡು ಸಂತೋಷವಾಯಿತು. ಎಷ್ಟೋ ಶಾಲೆಯ ಮಕ್ಕಳಿಗೂ ಇದು ಗೊತ್ತಿಲ್ಲ. ಮುದ್ರಣ ಸ್ಪಷ್ಟವಾಗಿದೆ, ತಾರೀಖುಗಳು ತಪ್ಪಿಲ್ಲ. ಹಣವನ್ನೂ ಶ್ರಮವನ್ನೂ ಹಾಕಿಯೇ ಮಾಡಿದ ಕೆಲಸ ಎಂಬುದು ಕಾಣುತ್ತದೆ.

ಆದರೆ ಆ ಇಡೀ ಗೋಡೆಯಲ್ಲಿ ನೆಲದ ಕೆಳಗೆ ಇಳಿದ ಮನುಷ್ಯನೊಬ್ಬನ ಹೆಸರೂ ಇಲ್ಲ. ಕೂಲಿಗಳಿರುವ ಒಂದೇ ಒಂದು ಚಿತ್ರದಲ್ಲಿ ಅವರು ಯಂತ್ರದ ಗಾತ್ರ ಎಷ್ಟೆಂದು ತೋರಿಸಲು ಪಕ್ಕದಲ್ಲಿ ನಿಲ್ಲಿಸಿದವರಂತೆ ಇದ್ದಾರೆ. ಕೆಳಗಿನ ವಿವರಣೆ ಯಂತ್ರದ ತಯಾರಕರ ಹೆಸರನ್ನು ಮಾತ್ರ ಹೇಳುತ್ತದೆ. ಉತ್ತರ ಆರ್ಕಾಟ್‌ನಿಂದ, ಚಿತ್ತೂರಿನ ಕಡೆಯಿಂದ, ಕೋಲಾರದ ಸುತ್ತಲಿನ ಹಳ್ಳಿಗಳಿಂದ ಬಂದು, ಬಿದಿರ ತಟ್ಟಿಯ ಮನೆಗಳಲ್ಲಿ ಸಂಸಾರ ಹೂಡಿದ ಜನ, ಅವರಲ್ಲಿ ಬಹುಪಾಲು ದಲಿತರು, ಈ ಊರನ್ನು ಊರು ಮಾಡಿದವರು. ಮೂರು ಕಿಲೋಮೀಟರಿಗೂ ಹೆಚ್ಚು ಆಳ ಹೋದ ಚಾಂಪಿಯನ್ ರೀಫ್‌ನಲ್ಲಿ ಬಂಡೆಯ ಶಾಖವೇ 60 ಡಿಗ್ರಿ ದಾಟುತ್ತಿತ್ತು. ಮೇಲಿನ ಭಾರಕ್ಕೆ ಬಂಡೆ ಇದ್ದಕ್ಕಿದ್ದಂತೆ ಸಿಡಿಯುತ್ತಿತ್ತು; ಅದರ ಕಂಪನ ಮೇಲಿನ ಮನೆಗಳ ಪಾತ್ರೆಗಳನ್ನೂ ಅಲುಗಿಸುತ್ತಿತ್ತು. ಕಲ್ಲಿನ ದೂಳು ಕುಡಿದ ಶ್ವಾಸಕೋಶಗಳಿಗೆ ಸಿಲಿಕೋಸಿಸ್ ಹಿಡಿಯುತ್ತಿತ್ತು. ನಮ್ಮ ದೊಡ್ಡಪ್ಪನ ಕೆಲಸ ಬಂಡೆ ಕುಸಿಯದಂತೆ ಮರದ ದಿಮ್ಮಿಗಳ ಆಧಾರ ಕಟ್ಟುವುದು. ಗೋಡೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ ಬಂದು ಕುಳಿತ ಅವರು, "ಇದೆಲ್ಲ ಮೇಲ್ಗಡೇದಪ್ಪ. ಕೆಳಗಡೇದು ಎಲ್ಲಿ ಇಟ್ಟಿದ್ದಾರೆ?" ಎಂದು ಕೇಳಿದರು. ಒಳಗೆ ಇನ್ನೊಂದು ಕೋಣೆಯಿರಬಹುದೆಂದು ಅವರು ನಿಜವಾಗಿಯೇ ಭಾವಿಸಿದ್ದರು.

ಇದು ಮರೆತು ಬಿಟ್ಟುಹೋದದ್ದು ಎನ್ನೋಣವೆಂದರೆ, ಈ ಊರಿನ ಕಾರ್ಮಿಕ ಚರಿತ್ರೆ ಹುಡುಕಿದರೂ ಸಿಗದಷ್ಟು ಹೂತುಹೋದದ್ದೇನೂ ಅಲ್ಲ. 1930ರಲ್ಲಿ ಕಂಪನಿ ಕಾರ್ಮಿಕರೆಲ್ಲರ ಬೆರಳಚ್ಚು ಪಡೆಯಲು ಹೊರಟಾಗ, ನಮ್ಮನ್ನು ಕಳ್ಳರಂತೆ ಕಾಣುವ ಪದ್ಧತಿ ಬೇಡವೆಂದು ಸಾವಿರಾರು ಜನ ಕೆಲಸ ನಿಲ್ಲಿಸಿದರು; ಆಗ ಅವರಿಗೆ ಹೇಳಿಕೊಳ್ಳಲು ಗಟ್ಟಿಯಾದ ಸಂಘವೂ ಇರಲಿಲ್ಲ. 1940ರ ದಶಕದಲ್ಲಿ ಕೆ.ಎಸ್. ವಾಸನ್ ಮೊದಲಾದವರು ಸಂಘ ಕಟ್ಟಿದರು. 1946ರ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಆರು ಕಾರ್ಮಿಕರು ಬಲಿಯಾದರು. ಅವರ ಸ್ಮರಣೆಯನ್ನು ಇಂದಿಗೂ ಇಲ್ಲಿಯ ಜನ ಪ್ರತಿವರ್ಷ ಮಾಡುತ್ತಾರೆ. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೆ ಬಂದದ್ದರ, ಆಮೇಲೆ ಕೇಂದ್ರಕ್ಕೆ ಹೋಗಿ 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆದದ್ದರ ಹಿಂದೆಯೂ, ಕಂಪನಿಯ ಲೆಕ್ಕಪುಸ್ತಕದ ಜೊತೆಗೆ ಈ ಜನರ ದೀರ್ಘ ಹೋರಾಟ ಇದೆ. ಗಾಲ್ಫ್ ಮೈದಾನಕ್ಕೆ ಮೂರು ಚಿತ್ರಗಳ ಜಾಗ ಕೊಟ್ಟ ಗೋಡೆಯಲ್ಲಿ ಆರು ಜನರಿಗೆ ಒಂದು ಗೇಣು ಜಾಗ ಇಲ್ಲದಿರುವುದನ್ನು ನಾನು ಸಣ್ಣ ಲೋಪವೆಂದು ಬಿಟ್ಟುಬಿಡಲಾರೆ. ಜಗಳ, ರಕ್ತ, ಘೋಷಣೆಗಳನ್ನು ತೆಗೆದುಹಾಕಿದರೆ ಗ್ರಾಹಕರಿಗೆ ಹಿತವಾಗಿರುತ್ತದೆ ಎಂಬ ಲೆಕ್ಕಾಚಾರ ಇದ್ದಿರಬಹುದು. ಆದರೆ ಆ ಬೀದಿಯ ಮನೆಗಳಲ್ಲಿ ಅದನ್ನು ಅನುಭವಿಸಿದವರ ಮಕ್ಕಳು ಮೊಮ್ಮಕ್ಕಳು ಇನ್ನೂ ವಾಸವಾಗಿದ್ದಾರೆ, ಅದೇ ಕೆಫೆಯಲ್ಲಿ ತಟ್ಟೆ ಎತ್ತುತ್ತಿದ್ದಾರೆ.

ಊಟದ ಪಟ್ಟಿಯಲ್ಲೂ ಇದೇ ಒಲವು ಕಾಣುತ್ತದೆ. ತಂಪು ಪಾನೀಯಗಳಿಗೆ ಗಣಿಯ ಶಾಫ್ಟುಗಳ, ಅಂದರೆ ಕೆಳಗಿಳಿಯುವ ಬಾವಿಗಳ, ಹೆಸರಿಟ್ಟಿದ್ದಾರೆ. ಹೆಸರಿಡುವವರಿಗೆ ಅದು ಊರಿನ ಮೇಲಿನ ಪ್ರೀತಿಯಿಂದಲೇ ಬಂದಿರಬಹುದು. ಆದರೆ ಒಂದೊಂದು ಶಾಫ್ಟಿನ ಹೆಸರೂ ಇಲ್ಲಿ ಯಾವುದೋ ಮನೆಯ ಯಾರೋ ಕೆಳಗಿಳಿದು ಮರಳಿ ಬಾರದ ಜಾಗದ ಹೆಸರು. ನಿಂಬೆ, ಪುದೀನದ ಷರಬತ್ತಿಗೆ ಅದನ್ನು ಇಡುವ ಮೊದಲು ಲೈನಿನ ಹಿರಿಯರೊಬ್ಬರನ್ನು ಕೇಳಬಹುದಿತ್ತು. ಇನ್ನೊಂದು ಮಾತು, ನನಗೆ ಇದೇ ಹೆಚ್ಚು ಮುಖ್ಯ. "ಗಣಿಯ ಅಡುಗೆ" ಎಂಬ ತಲೆಬರಹದ ಕೆಳಗೆ ಇರುವುದೆಲ್ಲ ಬಂಗಲೆಯ ಅಡುಗೆ. ಪಾಳಿ ಮುಗಿಸಿ ಬಂದವರು ಉಂಡ ರಾಗಿ ಕಳಿ, ಕರುವಾಡು (ಒಣಮೀನು) ಸಾರು, ಹುರುಳಿ ಸಾರು, ಬೋಟಿ, ಬೆಳಗಿನ ಇಡ್ಲಿ ವಡೆಕರಿ, ಸಂಜೆಯ ಪರೋಟ ಸಾಲ್ನಾ, ಇವುಗಳಲ್ಲಿ ಒಂದೂ ಅಲ್ಲಿಲ್ಲ. ಒಣಮೀನಿನ ವಾಸನೆ ಹವಾನಿಯಂತ್ರಿತ ಕೋಣೆಗೆ ಹೊಂದುವುದಿಲ್ಲ ಎಂಬ ಉತ್ತರ ನಮಗೆ ಸಿಕ್ಕಿತು. ಅಡುಗೆಮನೆಯಲ್ಲಿ ನಿಂತ ಹೆಣ್ಣುಮಕ್ಕಳಿಗೆ ಮನೆಯಲ್ಲಿ ಮಾಡಿ ರೂಢಿಯಿರುವ ಅಡುಗೆ ಅದೇ; ಕಲಿಸದೆಯೇ ಅತ್ಯುತ್ತಮವಾಗಿ ಮಾಡಬಲ್ಲ ಅಡುಗೆಯೂ ಅದೇ. ಆಂಗ್ಲೋ ಇಂಡಿಯನ್ ಅಡುಗೆಯೂ ಈ ಊರಿನದೇ, ಅದು ಉಳಿಯಬೇಕು, ಅದರ ಬಗ್ಗೆ ನನಗೆ ತಕರಾರಿಲ್ಲ. ಅದೊಂದನ್ನೇ ಇಡೀ ಗಣಿಯ ಅಡುಗೆ ಎಂದು ಬರೆಯುವುದಕ್ಕೆ ಮಾತ್ರ ತಕರಾರಿದೆ.

ಪಟ್ಟಿ ಪೂರ್ತಿ ಇಂಗ್ಲಿಷಿನಲ್ಲಿದೆ. ಹೊರಗಿನ ಫಲಕದಲ್ಲಿ ಕನ್ನಡವಿದೆ, ಒಳಗೆ ಇಲ್ಲ. ಕನ್ನಡದಲ್ಲಿ ಪಟ್ಟಿ ಇರಲೇಬೇಕೆಂದು ಕೇಳುತ್ತೇನೆ. ಜೊತೆಗೆ ತಮಿಳಿನಲ್ಲೂ ಇರಲಿ ಎಂದು ಕನ್ನಡಿಗನಾಗಿಯೇ ಕೇಳುತ್ತೇನೆ. ಈ ಬೀದಿಗಳಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಒಂದೇ ಜಗುಲಿಯ ಮೇಲೆ ಕುಳಿತು ಮಾತಾಡಿಕೊಂಡೇ ನೂರು ವರ್ಷ ಕಳೆದಿವೆ. ದೊಡ್ಡಪ್ಪ ಪಟ್ಟಿಯನ್ನು ನೋಡಿ ಮಡಚಿಟ್ಟು, "ನೀನೇ ಏನಾದ್ರೂ ಹೇಳಪ್ಪ" ಎಂದರು. ಓದು ಬಲ್ಲ ಮನುಷ್ಯ ಹಾಗೆ ಹೇಳಬೇಕಾದದ್ದು ಸರಿಯಲ್ಲ.

ಮೇಲೆ ಮಾಳಿಗೆಯಲ್ಲಿ ಕುಳಿತರೆ ದೂರಕ್ಕೆ ಸೈನೈಡ್ ದಿಬ್ಬಗಳು ಕಾಣುತ್ತವೆ. ಸಂಜೆಯ ನೋಟ ಸೊಗಸಾಗಿದೆಯೆಂದು ಕೆಫೆಯವರು ಅದನ್ನು ಮುಖ್ಯ ಆಕರ್ಷಣೆಯಾಗಿ ಪ್ರಚಾರ ಮಾಡುತ್ತಾರೆ. ಗಣಿಯ ಹೆಸರಿನ ಸಿನಿಮಾ ಬಂದ ಮೇಲೆ ಫೋಟೊ ತೆಗೆಯಲು ಬರುವವರು ಹೆಚ್ಚಿರುವುದೂ ನಿಜ. ಆ ದಿಬ್ಬಗಳು ಅದಿರನ್ನು ಪುಡಿಮಾಡಿ, ಸೈನೈಡಿನಲ್ಲಿ ಚಿನ್ನ ತೆಗೆದ ಮೇಲೆ ಉಳಿದ ನುಣುಪು ಕೆಸರಿನ ರಾಶಿಗಳು. ಗಾಳಿ ಬೀಸುವ ತಿಂಗಳುಗಳಲ್ಲಿ ಅವುಗಳ ದೂಳು ಪಕ್ಕದ ಲೈನುಗಳ ಅಡುಗೆಮನೆಗೆ, ಒಣಹಾಕಿದ ಬಟ್ಟೆಗೆ, ಮಕ್ಕಳ ಕಣ್ಣಿಗೆ ಬರುತ್ತದೆ. ಮಳೆಯಲ್ಲಿ ಕೊಚ್ಚಿಕೊಂಡು ತಗ್ಗಿನ ಕೆರೆ ಹೊಲಗಳಿಗೆ ಇಳಿಯುತ್ತದೆ. ನೋಟವನ್ನು ಮಾರುವವರು ಆ ದೂಳಿನ ಬಗ್ಗೆ ಎರಡು ಸಾಲು ಬರೆದು ಅಲ್ಲೇ ತೂಗುಹಾಕಿದರೆ ಬಂದವರ ಸಂಜೆಯೇನೂ ಕೆಡುವುದಿಲ್ಲ.

ಒಂದು ಕೆಫೆಯ ವಿಮರ್ಶೆಯಲ್ಲಿ ಇಷ್ಟೆಲ್ಲ ಏಕೆ ಎಂದು ಕೇಳಬಹುದು. ಊರು ಬದಲಾಗುತ್ತಿರುವ ವೇಗವೇ ಕಾರಣ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯಲ್ಲಿ ಹೊಸಕೋಟೆಯಿಂದ ಬೇತಮಂಗಲದ ಕಡೆಗೆ ಬರುವ ಭಾಗ ವಾಹನಗಳಿಗೆ ತೆರೆದುಕೊಂಡ ಮೇಲೆ, ಶನಿವಾರ ಭಾನುವಾರಗಳಲ್ಲಿ ಬೆಂಗಳೂರಿನ ಕಾರುಗಳು ಇಲ್ಲಿಗೆ ಸುಲಭವಾಗಿ ಬರುತ್ತಿವೆ. ಗಣಿಯ ಜಮೀನಿನಲ್ಲಿ ಕೈಗಾರಿಕಾ ಪ್ರದೇಶ ಬರುವ ಮಾತು ನಡೆಯುತ್ತಲೇ ಇದೆ. ಕೆಫೆ ಇರುವ ಅಡ್ಡರಸ್ತೆಯಲ್ಲಿ ಬಾಡಿಗೆ ಏರಿದೆ. ಪಕ್ಕದಲ್ಲಿದ್ದ ಟೈಲರ್ ಹಿಂದಿನ ಓಣಿಗೆ ಹೋಗಿದ್ದಾರೆ, ಅವರ ಜಾಗದಲ್ಲಿ ಮೊಬೈಲ್ ಬಿಡಿಭಾಗಗಳ ಅಂಗಡಿ ಬಂದಿದೆ. ಅದೇ ಸಮಯದಲ್ಲಿ, ಗಣಿ ಮುಚ್ಚುವಾಗ ಕೆಲಸ ಕಳೆದುಕೊಂಡ ಮೂರು ಸಾವಿರಕ್ಕೂ ಹೆಚ್ಚು ಕಾರ್ಮಿಕರ ಕುಟುಂಬಗಳಲ್ಲಿ ಎಷ್ಟೋ ಮಂದಿ ಇನ್ನೂ ಕಂಪನಿಯ ಕಾಲದ ಲೈನು ಮನೆಗಳಲ್ಲೇ, ಮನೆ ತಮ್ಮದೆಂದು ಹೇಳುವ ಕಾಗದಕ್ಕಾಗಿ ಅರ್ಜಿ ಹಿಡಿದು ಓಡಾಡುತ್ತಿದ್ದಾರೆ. ಹಕ್ಕುಪತ್ರ ಇಲ್ಲದವನಿಗೆ ಜಮೀನಿನ ಬೆಲೆ ಏರುವುದು ಲಾಭವಲ್ಲ, ಭಯ. ಇಂಥ ಹೊತ್ತಿನಲ್ಲಿ ಈ ಊರು ಯಾರದು, ಇದನ್ನು ಯಾರು ಕಟ್ಟಿದರು ಎಂದು ಹೊರಗಿನಿಂದ ಬರುವವರಿಗೆ ಮೊದಲು ಹೇಳುವುದು ಇಂಥ ಗೋಡೆಗಳೇ. ಬಂಗಲೆ ಮತ್ತು ಕ್ಲಬ್ಬಿನ ಕಥೆಯನ್ನಷ್ಟೇ ಓದಿ ಹೋದವನು ಲೈನು ಮನೆಗಳನ್ನು ಕಂಡಾಗ ಖಾಲಿ ಮಾಡಿಸಬೇಕಾದ ಹಳೆಯ ಶೆಡ್ಡುಗಳೆಂದು ತಿಳಿದರೆ ಆಶ್ಚರ್ಯವಿಲ್ಲ. ನಾಳೆ ಈ ಜಮೀನಿನ ಬಗ್ಗೆ ತೀರ್ಮಾನ ಮಾಡುವವರಲ್ಲಿಯೂ ಅಂಥವರಿರುತ್ತಾರೆ.

ಹೊಸ ಅಂಗಡಿಗಳೇ ಬೇಡ ಎನ್ನುವವರ ಜೊತೆ ನಾನಿಲ್ಲ. ಇಪ್ಪತ್ತು ವರ್ಷ ಈ ಪೇಟೆಯಲ್ಲಿ ಬಾಗಿಲು ಮುಚ್ಚಿದ ಮಳಿಗೆಗಳನ್ನು ನೋಡಿದ್ದೇನೆ. ಸೋರುವ ಹೆಂಚಿನ ಕಟ್ಟಡವನ್ನು ಕೆಡವದೆ, ಮರದ ತೊಲೆಗಳನ್ನು ಉಳಿಸಿಕೊಂಡು, ದೀಪ ಹಚ್ಚಿದವರ ಬಗ್ಗೆ ನನಗೆ ಗೌರವವಿದೆ. ಮಣ್ಣು ಅಗೆಯುವ ಭಾರಿ ಯಂತ್ರಗಳನ್ನು ತಯಾರಿಸುವ ಬೆಮೆಲ್ ಕಾರ್ಖಾನೆ ಬಂದಾಗಿನಿಂದ ಊರಿಗೆ ಇನ್ನೊಂದು ಆಧಾರ ಇದೆಯಾದರೂ, ಗಣಿ ನಿಂತಾಗ ಆದ ನಷ್ಟವನ್ನು ಅದೊಂದೇ ತುಂಬಲಾರದು. ಕೆಲಸ ಬರಬೇಕು, ಜನ ಬರಬೇಕು, ದುಡ್ಡು ಬರಬೇಕು.

ಹೊರಡುವ ಮೊದಲು ಮಾಲೀಕರನ್ನು ಕಂಡು ಇದನ್ನೆಲ್ಲ ಹೇಳಿದೆ. ಮೂವತ್ತರ ಆಸುಪಾಸಿನ ಯುವಕ, ಅಜ್ಜಿಯ ಮನೆ ಊರಿಗಾಂನಲ್ಲಿತ್ತಂತೆ, ಓದಿದ್ದು ಬೆಳೆದದ್ದು ಬೆಂಗಳೂರು. ಸಿಟ್ಟಾಗಲಿಲ್ಲ. "ಸರ್, ನಮಗೆ ಸಿಕ್ಕಿದ ಫೋಟೊಗಳೇ ಅವು. ಕಂಪನಿ ಕಡೆಯವರು ತೆಗೆಸಿದ್ದು. ಲೈನಿನವರ ಹತ್ರ ಫೋಟೊ ಎಲ್ಲಿರುತ್ತೆ?" ಎಂದರು. ಅದಕ್ಕೆ ದೊಡ್ಡಪ್ಪ, ಸಂಘದ ಮೆರವಣಿಗೆಯದು, ಮದುವೆಯದು, ಪಾಳಿಯ ಗುಂಪಿನದು ಮನೆಮನೆಯಲ್ಲೂ ಇದೆ, ಕೇಳಿದರೆ ಕೊಡುತ್ತಾರೆ ಎಂದರು. ಮಾಲೀಕರು ಅವರ ನಂಬರು ಬರೆದುಕೊಂಡು, "ತಾತಾ, ನೀವೇ ಜೊತೇಲಿ ಬಂದು ಮನೆಗಳನ್ನು ತೋರಿಸಿದ್ರೆ ನಾನು ಬರ್ತೀನಿ" ಎಂದರು. ಆ ಮಾತು ನಡೆದರೆ ಈ ಬರಹದ ಅರ್ಧಭಾಗವನ್ನು ಸಂತೋಷದಿಂದ ತಿದ್ದುತ್ತೇನೆ. ನಡೆಯುವವರೆಗೆ ನನ್ನ ಅಂಕಗಳು ಹೀಗಿವೆ: ಅಡುಗೆಗೆ ಐದಕ್ಕೆ ನಾಲ್ಕು, ಸೇವೆಗೆ ಐದಕ್ಕೆ ಐದು, ಗಣಿಯ ಚರಿತ್ರೆ ಹೇಳುತ್ತೇವೆಂಬ ಅವರ ಪ್ರಚಾರಕ್ಕೆ ಐದಕ್ಕೆ ಒಂದೂವರೆ.

ಹೋಗಿ ಬನ್ನಿ. ಬಾಲ್ ಕರಿ ಮಧ್ಯಾಹ್ನ ಎರಡರೊಳಗೆ ಮುಗಿಯುತ್ತದೆ, ಆದ್ದರಿಂದ ಬೇಗ ಹೋಗುವುದು ಒಳ್ಳೆಯದು. ಭಾನುವಾರ ಕುಳಿತುಕೊಳ್ಳಲು ಜಾಗ ಸಿಗುವುದು ಕಷ್ಟ. ಬೆಂಗಳೂರಿನಿಂದ ಬರುವವರು ಸಾಧ್ಯವಾದರೆ ಕಾರು ಬಿಟ್ಟು ಮಾರಿಕುಪ್ಪಂ ರೈಲಿನಲ್ಲಿ ಬನ್ನಿ. ಊಟ ಮುಗಿಸಿ ಚಾಂಪಿಯನ್ ರೀಫ್‌ಗೆ ಆಟೊ ಹಿಡಿದು, 1946ರ ಹುತಾತ್ಮರ ಸ್ಮಾರಕ ಎಲ್ಲಿದೆ ಎಂದು ಅಲ್ಲಿಯ ಯಾವ ಹಿರಿಯರನ್ನು ಕೇಳಿದರೂ ದಾರಿ ಹೇಳುತ್ತಾರೆ. ಬಿಲ್ಲು ಕೊಡುವಾಗ ಕರುವಾಡು ಸಾರು ಯಾವಾಗ ಮಾಡುತ್ತೀರಿ ಎಂದು ನೀವೂ ಕೇಳಿ. ಕೇಳುವವರು ಹೆಚ್ಚಾದರೆ ಪಟ್ಟಿಗೆ ಸೇರಿಸುವುದಾಗಿ ಮಾಲೀಕರು ಹೇಳಿದ್ದಾರೆ.